ಬಿಟ್ಟುಕೊಟ್ಟ ಗೆಲುವು

ಆ ಮನೆಯಲ್ಲಿ ಬಡಿಸುವುದಕ್ಕೂ ಒಂದು ಕ್ರಮ: ಮೊದಲು ಅಪ್ಪ, ಆಮೇಲೆ ಅಕ್ಕ, ಕೊನೆಗೆ ತಂಗಿ. ಇದರಿಂದ ಯಾರ ಹೊಟ್ಟೆಯೂ ಕೆಡಲಿಲ್ಲ. ಆದರೆ ಕತ್ತಿವರಸೆಯ ತರಬೇತುದಾರರಾದ ಅಪ್ಪ ಅದೇ ಕ್ರಮವನ್ನು ಮಹಡಿಯ ಕೆಳಗಿನ ಅಭ್ಯಾಸದ ಹಜಾರಕ್ಕೂ ಇಳಿಸಿದ್ದರು. ಅಲ್ಲಿ ದೊಡ್ಡವರ ಎದುರು ಚಿಕ್ಕವರು ಗೆಲ್ಲಬಾರದು. ಕೊನೆಯ ಅಂಕ ಬಂದಾಗ ತೋಳು ಸಡಿಲ ಬಿಡಬೇಕು. ಅದಕ್ಕೆ ಮರ್ಯಾದೆ ಎಂದು ಹೆಸರು.

ಅಕ್ಕ ದೇಶಕ್ಕೇ ಮೊದಲಿಗಳು. ಆದರೆ ಹೊರದೇಶಕ್ಕೆ ಹೋದಾಗಲೆಲ್ಲ ಮೊದಲ ಸುತ್ತಿನಲ್ಲೇ ಸೋತು ಬರುತ್ತಿದ್ದಳು. ಪ್ರಯಾಣದ ಆಯಾಸ, ಅಲ್ಲಿನ ಚಳಿ, ರೆಫರಿಯ ಪಕ್ಷಪಾತ ಎಂದು ಪ್ರತಿ ಸಲವೂ ಒಂದು ನೆಪ. ಕುಣಿಯಲಾರದವಳಿಗೆ ನೆಲ ಡೊಂಕು ಎಂದು ಅಮ್ಮ ಒಮ್ಮೆ ಗೊಣಗಿ ಎಲ್ಲರಿಂದ ಬೈಸಿಕೊಂಡಿದ್ದಳು. ಅಕ್ಕ ತಾನೂ ಚಿಕ್ಕಂದಿನಲ್ಲಿ ದೊಡ್ಡವರಿಗೆ ಬಿಟ್ಟುಕೊಟ್ಟವಳೇ. ಆದರೆ ತಂಗಿ ತನಗೆ ಬಿಟ್ಟುಕೊಡುತ್ತಿದ್ದಾಳೆಂದು ಅವಳಿಗೆ ಒಮ್ಮೆಯೂ ಹೊಳೆದಿರಲಿಲ್ಲ. ನಮ್ಮ ಪಾಲಿಗೆ ಬಂದ ಮರ್ಯಾದೆಯನ್ನು ನಾವು ಯೋಗ್ಯತೆ ಎಂದೇ ತಿಳಿಯುತ್ತೇವಲ್ಲವೆ?

ಆ ಬೇಸಿಗೆಯಲ್ಲಿ, ಅಕ್ಕನನ್ನು ಹಿಂದಿನ ವರ್ಷ ಸೋಲಿಸಿದ್ದ ವಿದೇಶಿ ಹುಡುಗಿ ಅಭ್ಯಾಸಕ್ಕೆ ಬಂದಳು. ವಯಸ್ಸಿನಲ್ಲಿ ತಂಗಿಗಿಂತ ಚಿಕ್ಕವಳು, ತಂಗಿ ಬಿಟ್ಟುಕೊಡಬೇಕಾಗಿರಲಿಲ್ಲ. ಬಿಟ್ಟುಕೊಡಲೂ ಇಲ್ಲ. ಹಜಾರದ ಬಾಗಿಲಲ್ಲಿ ನಿಂತ ಅಕ್ಕ ನೋಡಿದಳು: ಆ ಹುಡುಗಿ ಹೆಜ್ಜೆ ಹೆಜ್ಜೆಗೂ ಹಿಂದೆ ಸರಿದು, ಕೊನೆಗೆ ನಕ್ಕು ಕೈಕುಲುಕಿ ಸೋಲೊಪ್ಪಿಕೊಂಡಳು. ಅಕ್ಕನ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಅಂದಿನಿಂದ ತಂಗಿ ತಲೆ ಬಾಚಿಕೊಂಡರೂ ಅವಳಿಗೆ ಮೈ ಉರಿಯುತ್ತಿತ್ತು.

ವಿಶ್ವ ಪಂದ್ಯಕ್ಕೆ ಒಬ್ಬರಿಗೇ ಅವಕಾಶ. ಆಯ್ಕೆಯ ಫೈನಲಿಗೆ ಬಂದವರು ಇವರಿಬ್ಬರೇ.

"ಚಿಕ್ಕವಳೇ, ನಾಳೆ ಹೇಗಾಡ್ಬೇಕು ಅಂತ ಹೇಳ್ಕೊಡ್ಬೇಕಾಗಿಲ್ಲ ತಾನೇ?" ಎಂದರು ಅಪ್ಪ ಊಟಕ್ಕೆ ಕೂತಾಗ.

"ಗೊತ್ತಪ್ಪ," ಎಂದಳು ತಂಗಿ, ತಟ್ಟೆ ನೋಡುತ್ತಾ.

ಅಮ್ಮ ಸೌಟು ಕೆಳಗಿಟ್ಟಳು. "ಎಷ್ಟು ದಿನಾಂತ ಇದು? ಒಬ್ಬಳನ್ನ ತುಳೀತಾ ಇದೀರಿ. ಇನ್ನೊಬ್ಬಳನ್ನ ಉಬ್ಬಿಸಿ ಹೊರಗೆ ಕಳಿಸಿ ಒಡೆಸ್ತಾ ಇದೀರಿ. ಇಬ್ಬರಿಗೂ ಏನು ಸಿಕ್ತು?"

"ಹಿರೀತನ ಅನ್ನೋದು ಒಂದಿದೆ ಕಣೇ. ನಮ್ಮ ಗುರುಗಳ ಕಾಲದಿಂದ ನಡ್ಕೊಂಡ್ ಬಂದಿದ್ದು."

"ನಡ್ಕೊಂಡ್ ಬಂದಿದ್ದಕ್ಕೆ ಕಾಲಿದ್ರೆ, ನಡ್ಕೊಂಡೇ ಹೋಗ್ಲಿ!"

ಅಕ್ಕ ತಲೆ ತಗ್ಗಿಸಿ ಅನ್ನ ಕಲೆಸಿದಳು. ಅವಳಿಗೆ ಆ ಅವಕಾಶ ಬೇಕಿತ್ತು, ಹೇಗೆ ಬಂದರೂ ಸರಿ ಎನ್ನುವಷ್ಟು ಬೇಕಿತ್ತು.

ಮರುದಿನ ಪಂದ್ಯ ಸಮಸಮವಾಗಿ ಕೊನೆಯ ಅಂಕಕ್ಕೆ ಬಂತು. ತಂಗಿ ಮುಂದೆ ಬಂದಳು, ನಿಂತಳು, ತೋಳು ಸಡಿಲ ಬಿಟ್ಟಳು. ಅಕ್ಕ ಕೈ ಚಾಚಿದರೆ ಸಾಕಿತ್ತು. ಜಾಲರಿಯ ಮುಖಕವಚದ ಒಳಗೆ ತಂಗಿಯ ಕಣ್ಣು ಕಂಡಿತು. ಅದರಲ್ಲಿದ್ದದ್ದು ಭಯವಲ್ಲ, ಕನಿಕರ. ಅಕ್ಕ ಎಲ್ಲವನ್ನೂ ತಡೆದುಕೊಳ್ಳಬಲ್ಲಳು, ಅದೊಂದನ್ನು ಬಿಟ್ಟು.

ಅವಳು ಕತ್ತಿ ಇಳಿಸಿ ಮುಖಕವಚ ಕಿತ್ತಳು. ರೆಫರಿ ಆಟ ನಿಲ್ಲಿಸಿ ಎಚ್ಚರಿಕೆಯ ಹಳದಿ ಕಾರ್ಡು ತೋರಿಸಿದರು.

"ನಿನ್ನ ಕಂಡ್ರೆ ನಂಗೆ ಹೊಟ್ಟೆಕಿಚ್ಚು ಕಣೇ," ಎಂದಳು ಅಕ್ಕ, ಎಲ್ಲರಿಗೂ ಕೇಳುವಂತೆ. "ಇರ್ಲಿ, ಅದು ನಂದು. ನಿನ್ನ ಭಿಕ್ಷೆ ಬೇಡ. ಆಡು!"

"ಚಿಕ್ಕವಳೇ, ಮರ್ಯಾದೆ!" ಎಂದು ಅಪ್ಪ ಪಕ್ಕದಿಂದ ಕೂಗಿದರು.

ಅಕ್ಕ ಮುಖಕವಚ ಹಾಕಿಕೊಂಡಳು, ಆಟ ಮತ್ತೆ ಶುರುವಾಯಿತು. ತಂಗಿ ಒಂದು ಗಳಿಗೆ ತಡವರಿಸಿದಳು, ಮರುಕ್ಷಣವೇ ನುಗ್ಗಿದಳು. ಅಕ್ಕ ತಡೆದಳು, ತಿರುಗಿ ಹೊಡೆದಳು, ತಪ್ಪಿತು. ತಂಗಿಯ ಕತ್ತಿಯ ಮೊನೆ ಅಕ್ಕನ ಎದೆಗೆ ಬಂದು ಒತ್ತಿತು, ಅಂಕ ತೋರಿಸುವ ದೀಪ ಹತ್ತಿತು. ನೋವಾಯಿತು. ಹೊಟ್ಟೆಕಿಚ್ಚೇನೂ ಆರಲಿಲ್ಲ.

ತಂಗಿ ಅಳುತ್ತಾ ನಿಂತಿದ್ದಳು. ಅಪ್ಪ ಅವಳ ಕಡೆ ನೋಡದೆ ಅಕ್ಕನ ಹತ್ತಿರ ಬಂದು ಭುಜ ಹಿಡಿದರು. "ಬೇಜಾರು ಮಾಡ್ಕೋಬೇಡಮ್ಮ. ಮುಂದಿನ ಸಲ ಇವಳಿಗೆ ನಾನು ಬುದ್ಧಿ ಹೇಳ್ತೀನಿ."

ಅಕ್ಕ ಅವರ ಕೈ ಸರಿಸಿದಳು.

"ಅವಳಿಗೆ ಏನೂ ಹೇಳ್ಬೇಡಿ ಅಪ್ಪ. ಅವಳನ್ನ ಸೋಲಿಸೋದು ಹೇಗೆ ಅಂತ ನಂಗೆ ಕಲಿಸಿ. ಇಷ್ಟು ವರ್ಷ ನೀವು ಅದೊಂದನ್ನೇ ಕಲಿಸಿಲ್ಲ."