ಸಾಂತಾಕ್ರೂಜ್‌ನಲ್ಲಿ ನಾಲ್ಕು ದಿನ

ನೈರೋಬಿಯಿಂದ ಹೊರಟ ವಿಮಾನ ಏಡನ್, ಕರಾಚಿ ದಾಟಿ ಬೊಂಬಾಯಿಯ ಸಾಂತಾಕ್ರೂಜ್‌ನಲ್ಲಿ ಇಳಿದಾಗ ಸೋಮವಾರ ಬೆಳಗಿನ ಒಂಬತ್ತು ಗಂಟೆ. ವಾರಿಜಾ ಮದುವೆಯಾಗಿ ಆಫ್ರಿಕಾಕ್ಕೆ ಹೋಗಿ ಒಂಬತ್ತು ವರ್ಷವಾಗಿತ್ತು. ಗಂಡ ಅಲ್ಲಿ ರೈಲ್ವೆ ಗುಮಾಸ್ತ. ಇಬ್ಬರದೂ ಬ್ರಿಟಿಷ್ ಪಾಸ್‌ಪೋರ್ಟ್. ಹಾಗಾಗಿ ಜವಾನನೊಬ್ಬ ಅವಳನ್ನು ವಿದೇಶಿಯರ ಸಾಲಿಗೆ ಕಳಿಸಿದ. ಏಳನೆಯ ವಯಸ್ಸಿನಿಂದ ಇದೇ ಊರಿನ ಸಯನ್‌ನ ಚಾಳಿನಲ್ಲಿ ಬೆಳೆದವಳಿಗೆ ಅದು ವಿಚಿತ್ರ ಅನ್ನಿಸಿತು. ಆದರೆ ವಾದ ಮಾಡುತ್ತ ನಿಲ್ಲುವ ಸ್ಥಿತಿಯಲ್ಲಿ ಅವಳಿರಲಿಲ್ಲ. ಸಯನ್‌ನಲ್ಲಿ ಅಕ್ಕ ವಿನೋದಿನಿ ಸಾಯುತ್ತಿದ್ದಳು.

ಅಮ್ಮ ಹೋದ ಮೇಲೆ ಉಡುಪಿಯಿಂದ ಅವಳನ್ನು ಕರೆತಂದು, ತಲೆ ಬಾಚಿ, ಶಾಲೆಗೆ ಹಾಕಿ, ಮದುವೆ ಮಾಡಿಕೊಟ್ಟವಳು ಈ ಅಕ್ಕ. ಹೊಟ್ಟೆಯಲ್ಲಿ ಗಡ್ಡೆ ಬೆಳೆದು, ಆಸ್ಪತ್ರೆಯವರು ಇನ್ನು ಮನೆಯಲ್ಲೇ ಇರಲಿ ಎಂದು ಕಳಿಸಿದ್ದರು. ಬಾವ ಮೋನಪ್ಪನ ತಂತಿ ಬಂದು ಏಳು ದಿನವಾಗಿತ್ತು.

ಆರೋಗ್ಯಾಧಿಕಾರಿ ಅವಳ ಚುಚ್ಚುಮದ್ದಿನ ಚೀಟಿ ನೋಡಿ, ಬೆರಳು ಮಡಚಿ ಲೆಕ್ಕ ಹಾಕಿದ. ಆಫ್ರಿಕಾದಿಂದ ಬರುವವರು ಹಳದಿ ಜ್ವರದ ಮದ್ದು ಚುಚ್ಚಿಸಿಕೊಂಡು ಹತ್ತು ದಿನ ಕಳೆದಿರಬೇಕು. ಅವಳದು ಆರೇ ದಿನ. ಉಳಿದ ನಾಲ್ಕು ದಿನ ಇಲ್ಲೇ ಸೊಳ್ಳೆ ಬಾರದ ಕೋಣೆಯಲ್ಲಿ ಇರಬೇಕೆಂದ. ಅವಳು ತಂತಿ ತೋರಿಸಿದಳು, ಕೈಮುಗಿದಳು. ಅವನು ಒರಟನಲ್ಲ. ಸೊಳ್ಳೆಯಿಂದ ಹರಡುವ ಆ ಜ್ವರ ಈ ದೇಶದಲ್ಲಿ ಇಲ್ಲ, ಒಬ್ಬರಿಗೆ ಸಡಿಲ ಬಿಟ್ಟರೆ ಊರಿಗೆ ಊರೇ ಹೋದೀತು ಎಂದು ಹಿಂದಿಯಲ್ಲಿ ತಿಳಿಸಿ ಹೇಳಿದ. ಆದರೆ ಬಿಡಲಿಲ್ಲ.

ನೈರೋಬಿಯ ಡಾಕ್ಟರು ತಾರೀಖನ್ನು ನಾಲ್ಕು ದಿನ ಹಿಂದಕ್ಕೆ ಬರೆದುಕೊಡುತ್ತೇನೆ ಎಂದಿದ್ದರು. ಸುಳ್ಳು ಬರೆಸಿ ಸಿಕ್ಕಿಬಿದ್ದರೆ ಗಂಡನ ಕೆಲಸಕ್ಕೇ ಕುತ್ತು ಎಂದು ಹೆದರಿ ಅವಳೇ ಬೇಡವೆಂದಿದ್ದಳು. ಅದೇ ಡಾಕ್ಟರಲ್ಲಿ ಅದೇ ದಿನ ಚುಚ್ಚಿಸಿಕೊಂಡಿದ್ದ ವ್ಯಾಪಾರಿಯೊಬ್ಬ ಅವಳ ಕಣ್ಣೆದುರೇ ಚೀಟಿ ತೋರಿಸಿ, ಪೆಟ್ಟಿಗೆ ಎತ್ತಿಕೊಂಡು ಹೊರಗೆ ನಡೆದ.

ಕೋಣೆಗೆ ಎರಡೆರಡು ತಂತಿಬಲೆಯ ಬಾಗಿಲು. ಒಳಗೆ ಕಬ್ಬಿಣದ ಮಂಚ, ನೀರಿನ ಹೂಜಿ. ಊಟ ತಂದುಕೊಡುತ್ತಿದ್ದವನು ವಿಜಾಪುರದ ಕಡೆಯ ಶೆಟ್ಟೆಪ್ಪ. ಅವಳು ಕನ್ನಡದವಳೆಂದು ತಿಳಿದದ್ದೇ ಅವನು ಸಯನ್‌ನ ಹೋಟೆಲಿಗೆ ಫೋನ್ ಮಾಡಿ ಬಾವನನ್ನು ಕರೆಸಿದ. ಮೋನಪ್ಪ ಅಲ್ಲಿ ಮೇನೇಜರ್.

ಸಂಜೆ ಬಾವ ಬಂದು ಬಲೆಯಾಚೆ ಹತ್ತು ಮಾರು ದೂರದಲ್ಲಿ ನಿಂತ. ಕೂದಲೆಲ್ಲ ನರೆತಿತ್ತು. ಅಕ್ಕ ನಿನ್ನನ್ನೇ ಕೇಳುತ್ತಿದ್ದಾಳೆ ಎಂದ. ನಾನು ಬೊಂಬಾಯಿಗೆ ಮುಟ್ಟಿದ್ದೇನೆ ಅಂತ ಹೇಳಿ, ಶುಕ್ರವಾರ ಬರುತ್ತೇನೆ ಅಂತ ಹೇಳಿ ಎಂದು ವಾರಿಜಾ ಎರಡೆರಡು ಸಲ ಹೇಳಿ ಕಳಿಸಿದಳು.

ಮಂಗಳವಾರ ಅವನು ಮಧ್ಯಾಹ್ನವೇ ಬಂದ. ಹೇಳಿದೆ, ಅಕ್ಕನಿಗೆ ಸಮಾಧಾನ ಆಯಿತು, ಸ್ವಲ್ಪ ಗಂಜಿಯೂ ಕುಡಿದಳು ಎಂದ. ಹೆಚ್ಚು ಹೊತ್ತು ನಿಲ್ಲಲಿಲ್ಲ. ಅಂದು ವಾರಿಜಾ ಹೊಟ್ಟೆ ತುಂಬ ಉಂಡಳು.

ಬುಧವಾರ ಅಧಿಕಾರಿ ತಪಾಸಣೆಗೆ ಬಂದಾಗ ಅವಳು ಮತ್ತೆ ಬೇಡಿಕೊಂಡಳು. ನನ್ನನ್ನು ಹೊರಗೆ ಬಿಡಬೇಡಿ, ಅಕ್ಕನನ್ನೇ ಟ್ಯಾಕ್ಸಿಯಲ್ಲಿ ಬೇಲಿಯ ತನಕ ತರಲಿಕ್ಕೆ ಬಿಡಿ, ದೂರದಿಂದ ನೋಡುತ್ತೇನೆ. ಅವನು ಬಹಳ ಹೊತ್ತು ಯೋಚಿಸಿದ. ಕೊನೆಗೆ ಒಪ್ಪಿ ಗೇಟಿನವರಿಗೆ ಒಂದು ಚೀಟಿ ಬರೆದುಕೊಟ್ಟ. ಶೆಟ್ಟೆಪ್ಪ ಮಾತ್ರ ತಟ್ಟೆ ಎತ್ತಿಕೊಂಡು ಅವಳ ಮುಖ ನೋಡದೆ ಹೊರಟುಹೋದ.

ಸಂಜೆ ಬಾವ ಬಂದಾಗ ಅವಳು ಬಲೆಗೆ ಮುಖ ಒತ್ತಿ ನಿಂತಿದ್ದಳು. ಅಪ್ಪಣೆ ಸಿಕ್ಕಿದೆ, ನಾಳೆ ಬಿಸಿಲೇರುವ ಮೊದಲು ತನ್ನಿ, ಹಿಂದಿನ ಸೀಟಿನಲ್ಲಿ ಹಾಸಿಗೆ ಹಾಕಿ ಮಲಗಿಸಿ ಎಂದು ಒಂದೇ ಉಸಿರಿಗೆ ಹೇಳಿದಳು. ಮೋನಪ್ಪ ಎರಡು ಹೆಜ್ಜೆ ಮುಂದೆ ಬಂದ. ವಿಮಾನವೊಂದು ಸದ್ದು ಮಾಡುತ್ತ ಏರಿಹೋಯಿತು.

"ವಾರಿಜಾ, ತರಲಿಕ್ಕೆ ಅವಳು ಇಲ್ಲ."

ಅವಳಿಗೆ ಕೇಳಿಸಿತ್ತು. ಆದರೂ ಎಂತ ಎಂದಳು.

"ನಿನ್ನೆ ಬೆಳಗಾಗುವಾಗ ಹೋದಳು. ಎಲ್ಲ ಮುಗಿಸಿಯೇ ಇಲ್ಲಿಗೆ ಬಂದದ್ದು. ಈ ಗೂಡಿನಲ್ಲಿ ನೀನೊಬ್ಬಳೇ ಹೇಗೆ ಅಳುತ್ತಿ ಅಂತ ಹೇಳಲಿಲ್ಲ."

ಅವಳು ಬಲೆ ಬಿಟ್ಟು ನೆಲದ ಮೇಲೆ ಕೂತಳು. ನಾನು ಬಂದದ್ದು ಅಕ್ಕನಿಗೆ ಗೊತ್ತಾಯಿತೇ ಎಂದು ಕೇಳಿದಳು. ಈ ಸಲ ಮೋನಪ್ಪ ಸುಳ್ಳು ಹೇಳಲಿಲ್ಲ.

"ಕಿವಿಯ ಹತ್ತಿರ ಹೇಳಿದೆ. ಕೇಳಿಸಿತೋ ಇಲ್ಲವೋ ಗೊತ್ತಿಲ್ಲ."

ಅವಳು ಎದ್ದು ಹೋಗಿ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟಳು. ಬಾವ ಕತ್ತಲಾಗುವ ತನಕ ಅಲ್ಲೇ ನಿಂತಿದ್ದನೆಂದು ಆಮೇಲೆ ಶೆಟ್ಟೆಪ್ಪ ಹೇಳಿದ. ನಿಮ್ಮ ಬಾವನವರು ಮಂಗಳವಾರನ ನನಗ ತಿಳಿಸಿದ್ರು, ಬಾಯಿ ಕಟ್ಟಿಹಾಕಿದ್ರು, ತಪ್ಪಾತ್ರೀ ಅವ್ವಾ ಎಂದ. ಅವಳು ಗುರುವಾರ ಊಟ ಮುಟ್ಟಲಿಲ್ಲ. ಬಾವ ಬಂದಾಗ ಬಾಗಿಲ ಬಳಿ ಹೋಗಲೂ ಇಲ್ಲ.

ಶುಕ್ರವಾರ ಬೆಳಿಗ್ಗೆ ಚೀಟಿಗೆ ಮುದ್ರೆ ಬಿತ್ತು. ಹೊರಗಿನ ಕೌಂಟರಿನ ಗುಮಾಸ್ತ ಫಾರ್ಮ್ ತುಂಬುತ್ತ ಬಂದ ಕಾರಣ ಕೇಳಿದ. ಅಕ್ಕನನ್ನು ನೋಡಲಿಕ್ಕೆ ಎಂದಳು. ಅವನು ಬರೆದುಕೊಂಡು, ಮುಂದಿನವರನ್ನು ಕರೆದ.

ಹೊರಗೆ ಬಾವ ಟ್ಯಾಕ್ಸಿ ಹಿಡಿದು ಕಾದಿದ್ದ. ಸಯನ್ ಸ್ಟೇಶನ್ ದಾಟುವಾಗ ಅವಳು ಮೊದಲು ಸುಟ್ಟ ಜಾಗಕ್ಕೆ ಹೋಗುವ ಎಂದಳು. ಸ್ಮಶಾನದಲ್ಲಿ ಅದೇ ಕಟ್ಟೆಯ ಮೇಲೆ ಬೇರೆ ಯಾರದೋ ಚಿತೆ ಉರಿಯುತ್ತಿತ್ತು. ಅಕ್ಕನ ಬೂದಿ ಬುಧವಾರವೇ ಸಮುದ್ರ ಸೇರಿತ್ತು. ಹೊಗೆ ಮುಖಕ್ಕೆ ಬಡಿದರೂ ವಾರಿಜಾ ಅಲ್ಲೇ ನಿಂತಳು. ಚಿತೆಯ ಕಡೆಯವರು ಇವಳು ಯಾರೆಂದು ತಿರುಗಿ ತಿರುಗಿ ನೋಡಿದರು.

"ಗಂಜಿ ಕುಡಿದದ್ದು ಹೌದಾ ಬಾವ?"

"ಸೋಮವಾರ ರಾತ್ರಿ ಎರಡು ಚಮಚ. ನಾನೇ ಕುಡಿಸಿದ್ದು."

ಅಷ್ಟು ಹೇಳಿ ಮೋನಪ್ಪ ಮೊದಲ ಸಲ ಅತ್ತ. ವಾರಿಜಾ ಅವನನ್ನು ಸಮಾಧಾನ ಮಾಡಲಿಲ್ಲ, ಬಿಟ್ಟೂ ಹೋಗಲಿಲ್ಲ. ಅವನ ಅಳು ನಿಲ್ಲುವ ತನಕ ಪಕ್ಕದಲ್ಲಿ ನಿಂತಿದ್ದು, ಆಮೇಲೆ ಮನೆಯ ದಾರಿ ಹಿಡಿದಳು.