ಎರಡನೇ ಗಿರಾಕಿ

“ದಪ್ಪಗೆ ಬಳಿಯೋ ಬೋಳಿಮಗನೆ. ಹೆಂಡ್ತಿ ಕೆನ್ನೆಗೆ ಪೌಡರ್ ಹಚ್ತಿದೀಯಾ?”

ಯಜಮಾನರ ಅಪ್ಪಣೆಯಂತೆ ದಪ್ಪಗೇ ಬಳಿದೆ. ಮಾರಾಟಕ್ಕಿದ್ದ ಮೂರನೇ ಮಹಡಿಯ ಮನೆ. ಹಜಾರದ ಗೋಡೆಯೊಳಗೆ ಕೊಳವೆ ಒಡೆದು ಬೂಷ್ಟು ಕಪ್ಪಗೆ ಹಬ್ಬಿತ್ತು. ಬಳಿದಷ್ಟೂ ಬಣ್ಣ ಉಬ್ಬುತ್ತಿತ್ತು. ಕೊನೆಗೆ ನಮ್ಮ ದಲ್ಲಾಳಿ ಕಚೇರಿಯ ಯಜಮಾನರು ಮೂವತ್ತು ವರ್ಷದ ಅನುಭವ ಧಾರೆಯೆರೆದು ಮರದ ಬೀರುವನ್ನು ಗೋಡೆಗೆ ಒತ್ತಿದರು. ಅಂದರೆ, ನಾನು ಒತ್ತಿದೆ.

ಬೆಳಿಗ್ಗೆ ಬಣ್ಣ ಬಳಿಯೋದು, ಮಧ್ಯಾಹ್ನ ಬಣ್ಣ ಹಚ್ಚೋದು, ಎರಡೂ ನನ್ನ ಕೆಲಸವೇ. ಗಿರಾಕಿ ‘ಯೋಚ್ನೆ ಮಾಡಿ ಹೇಳ್ತೀವಿ’ ಅಂದೊಡನೆ ಯಜಮಾನರು ಎರಡು ಸಲ ಕೆಮ್ಮುತ್ತಾರೆ. ಮೆಟ್ಟಿಲಲ್ಲಿ ಕಾಯುವ ನಾನು ಅವರ ಹಳೇ ಕೋಟು ತೊಟ್ಟು ಒಳಬಂದು, ‘ಇವತ್ತೇ ನನ್ನ ಹೆಸರಿಗೆ ಬರೆಸ್ರೀ’ ಅನ್ನಬೇಕು. ಜಡ್ಜು, ಹಲ್ಲಿನ ಡಾಕ್ಟರು, ಟಾಕೀಸಿನ ಮಾಲೀಕ, ಯಾರ ಗಂಟಲು ಬೇಕಾದರೂ ನನ್ನಲ್ಲಿ ಸ್ಟಾಕಿದೆ. ಕಾಲೇಜಿನಲ್ಲಿ ಪ್ರಿನ್ಸಿಪಾಲರ ದನಿಯಲ್ಲಿ ರಜೆ ಘೋಷಿಸಿದವನು. ಕಾಲೇಜಿನ ಪದವಿ ಬಂತು, ಕೆಲಸದ ಪದವಿ ಸಿಗಲಿಲ್ಲ.

ಈ ಮನೆಗಳ ಸೋಫಾ ನಮಗಲ್ಲ. ಸಂಡಾಸಿಗೆ ಅವಸರವಾದರೆ ಬಸ್ ನಿಲ್ದಾಣಕ್ಕೆ ಓಡಬೇಕು. ಎರಡನೇ ಗಿರಾಕಿಯಾದಾಗ ಮಾತ್ರ ನನಗೆ ಸೋಫಾ, ನನಗೆ ‘ಸರ್’.

ಅವತ್ತು ಮಧ್ಯಾಹ್ನ ಎರಡು ಕೆಮ್ಮು ಕೇಳಿಸಿತು. ನುಗ್ಗಿದೆ. ಕೆಮ್ಮಿದ್ದು ಯಜಮಾನರಲ್ಲ, ಮನೆ ನೋಡಲು ಬಂದ ಅಜ್ಜ. ಪಕ್ಕದಲ್ಲಿ ಮಗಳು, ಬಟ್ಟೆ ಹೊಲಿಯುವಾಕೆ. ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು.

“ಅಪ್ಪಂಗೆ ಉಬ್ಬಸ. ಈಗಿರೋ ಮನೆ ಗೋಡೆ ತೇವ. ಇನ್ನೊಂದು ವರ್ಷ ಅಲ್ಲಿದ್ರೆ ಕಷ್ಟ ಅಂದ್ರು ಡಾಕ್ಟ್ರು.”

“ಈ ಗೋಡೆ ಅಳು ಅಂದ್ರೂ ಅಳಲ್ಲ ತಾಯಿ,” ಅಂದರು ಯಜಮಾನರು, ನನ್ನತ್ತ ಕಣ್ಣು ಕೆಂಪಗೆ ಮಾಡಿ. “ಬನ್ನಿ ಸರ್, ಕೂತ್ಕೊಳಿ ಸರ್.”

“ನಿನ್ನ ಮಂಚ ಬೀರು ಪಕ್ಕ ಹಾಕೋಣ ಅಪ್ಪ,” ಅಂತ ಆಕೆ ಮುಂಗಡ ಕೊಡಲು ಕೈಚೀಲ ತೆರೆದಳು. ಅಜ್ಜನ ಎದೆ ಹಳೇ ತಿದಿಯಂತೆ ಸುಯ್ಗುಡುತ್ತಿತ್ತು.

ಕೂತೆ. ಜಡ್ಜನ ಗಂಟಲು ತೆಗೆದೆ.

“ಬ್ರೋಕರೇ, ಆ ಬೀರು ಸರಿಸಿ.”

“ಭಾರ ಇದೆ ಸರ್.”

“ಬೀರು ಹಿಂದಿನ ಗೋಡೆ ನೋಡ್ದೆ ನಾನು ಮನೆ ಕೊಳ್ಳಲ್ಲ ಕಣ್ರೀ.”

“ಕೆಲಸದವ್ನು ಹೊರಗೆ ಹೋಗಿದಾನೆ ಸರ್.”

“ಅವ್ನ ಬಿಡಿ, ಶುದ್ಧ ಸೋಮಾರಿ ಇರ್ಬೇಕು. ನಿಮಗೇನು ಕೈ ಇಲ್ವಾ?”

ಮಗಳೂ ಬೀರುವನ್ನೇ ನೋಡುತ್ತಿದ್ದಳು. ಯಜಮಾನರು ಹೆಗಲು ಕೊಟ್ಟರು. ಬೀರು ಗೊರಗೊರ ಸರಿಯಿತು. ಅದಕ್ಕಂಟಿಕೊಂಡೇ ಬೆಳಗಿನ ನನ್ನ ಬಣ್ಣ ಕೆನೆಯಂತೆ ಸುಲಿದು ಬಂತು. ಹಿಂದೆ ಕಪ್ಪು. ವಾಸನೆಗೆ ಅಜ್ಜ ಮೂಗು ಮುಚ್ಚಿದ. ಮಗಳು ಗೋಡೆಗೆ ಬೆರಳಿಟ್ಟು, ಬೆರಳನ್ನೇ ನೋಡಿ, ಚೀಲ ಮುಚ್ಚಿದಳು.

“ನೀವು ಬರ್ದೇ ಇದ್ದಿದ್ರೆ ಮುಳುಗ್ತಿದ್ವಿ ಸಾರ್,” ಅಂದಳು ನನಗೆ.

ಇಬ್ಬರೂ ಹೊರಟರು. ಬಾಗಿಲು ತೆರೆದೇ ಇತ್ತು. ಅಜ್ಜ ಒಂದೊಂದು ಮೆಟ್ಟಿಲಿಗೂ ನಿಂತು ದಮ್ಮು ತೆಗೆದುಕೊಳ್ಳುತ್ತಿದ್ದ.

“ಕೋಟು ಬಿಚ್ಚೋ ಸೂಳೆಮಗನೆ,” ಯಜಮಾನರು ಪಿಸುಗುಟ್ಟಿದರು. “ನಾಳೆಯಿಂದ ಈ ಕಡೆ ತಲೆ ಹಾಕ್ಬೇಡ.”

ಸೋಫಾಕ್ಕೆ ಒರಗಿದೆ. ಮೆತ್ತಗಿತ್ತು.

“ಬ್ರೋಕರೇ,” ಅಂದೆ, ಕೆಳಗಿನವರಿಗೂ ಕೇಳುವಂತೆ. “ಒಂದು ಲೋಟ ನೀರು ತನ್ನಿ.”

ಮೆಟ್ಟಿಲಲ್ಲಿ ಮಗಳ ಚಪ್ಪಲಿ ಸದ್ದು ನಿಂತಿತು. ಯಜಮಾನರು ಬಾಗಿಲ ಕಡೆ ನೋಡಿದರು, ನನ್ನ ಕಡೆ ನೋಡಿದರು.

“ಈಗ್ಲೇ ತರ್ತೀನಿ ಸರ್.”

ಕಾಲ ಮೇಲೆ ಕಾಲು ಹಾಕಿದೆ. ಅಜ್ಜನಿಗೆ ಇಳಿಯಲು ಇನ್ನೂ ನಲವತ್ತು ಮೆಟ್ಟಿಲಿತ್ತು.