ನರಳಾಟದ ತಾಲೀಮು

ವಿರೂಪಾಕ್ಷಪ್ಪನವರ ನರ್ಸಿಂಗ್ ಕಾಲೇಜಿನಲ್ಲಿ ಎಲ್ಲವೂ ಇತ್ತು, ರೋಗಿಗಳನ್ನು ಬಿಟ್ಟು. ಚನ್ನಗಿರಿಯಲ್ಲಿ ಬಸ್ಸಿಳಿದವರ ಕಣ್ಣಿಗೆ ಮೊದಲು ಬೀಳುವ ಬೋರ್ಡು, ಗಾಜಿನ ಬಾಗಿಲು, ಹೊನ್ನಾಳಿ ನ್ಯಾಮತಿ ಕಡೆಯಿಂದ ಬಂದ ಹುಡುಗಿಯರ ಇಸ್ತ್ರಿ ಮಾಡಿದ ಏಪ್ರನ್ನುಗಳು. ಮೇಲಿನ ಮಹಡಿಯ ಆಸ್ಪತ್ರೆಯಲ್ಲಿ ಮಾತ್ರ ಹಾಸಿಗೆಗಳ ಪ್ಲಾಸ್ಟಿಕ್ ಕವರು ಕೂಡ ಬಿಚ್ಚಿರಲಿಲ್ಲ. ರಬ್ಬರ್ ಗೊಂಬೆಗೇ ಇಂಜೆಕ್ಷನ್ ಚುಚ್ಚಿ ಚುಚ್ಚಿ ವಿದ್ಯಾರ್ಥಿನಿ ಗಂಗೋತ್ರಿಗೆ ಆ ಗೊಂಬೆಯ ಮೇಲೆ ಒಂದಿಷ್ಟು ಗೌರವ ಹುಟ್ಟಿತ್ತು. ಆ ಕಟ್ಟಡದಲ್ಲಿ ಸುಳ್ಳು ಹೇಳದಿದ್ದುದು ಅದೊಂದೇ.

ಅವಳಿಗೀಗ ತನ್ನ ಮೂಲ ಅಂಕಪಟ್ಟಿಗಳು ಬೇಕಾಗಿದ್ದವು. ಹಾಡಿಕೊಂಡೇ ನಡೆಯುವ ನಾಟಕಗಳನ್ನು ಕಲಿಸುವ ರಂಗಶಾಲೆಯೊಂದರಲ್ಲಿ ಸೀಟು ಸಿಕ್ಕಿತ್ತು. ಸೋಮವಾರ ಅಂಕಪಟ್ಟಿ ತೋರಿಸದಿದ್ದರೆ ಆ ಸೀಟು ಬೇರೆಯವರ ಪಾಲು. ಕಾಲೇಜು ಸೇರುವಾಗ ಕೊಟ್ಟಿದ್ದ ಆ ಅಂಕಪಟ್ಟಿಗಳು ಅಧ್ಯಕ್ಷ ವಿರೂಪಾಕ್ಷಪ್ಪನವರ ಬೀರುವಿನಲ್ಲಿದ್ದವು.

"ನಾಟಕದಾಗೆ ಹಾಡಾಕೂ ಕೋರ್ಸ್ ಐತಾ?" ಎಂದು ವಿರೂಪಾಕ್ಷಪ್ಪ ಹೊಟ್ಟೆ ಕುಣಿಸಿ ನಕ್ಕರು. ಆಮೇಲೆ ಏನೋ ಹೊಳೆದು ಮುಂದಕ್ಕೆ ಬಾಗಿದರು. "ನೋಡವ್ವ, ಶನಿವಾರ ಇನ್ಸ್‌ಪೆಕ್ಷನ್ ಐತೆ. ಹೋದ ಸಲ ಕೆರೆಬಿಳಚಿಯಿಂದ ಕೂಲಿ ಜನಾನ ಪೇಷಂಟ್ ಮಾಡಿ ಕರ್ಕೊಂಡು ಬಂದಿದ್ವಲ್ಲ, ಸಾಹೇಬ್ರು ಬರೋ ಹೊತ್ತಿಗೆ ಮಂಚದ ಮೇಲೆ ಇಸ್ಪೀಟ್ ಆಡ್ತಾ ಕುಂತಿದ್ರು. ಜಗಳೂರಾಗೆ ನಿಮ್ಮ ಮಾವ ದೊಡ್ಡಾಟದ ಮೇಳ ಕಟ್ಯಾರಂತಲ್ಲ? ಕರೆಸು. ನರಳಾದು ಹೆಂಗೆ ಅಂತ ನೀನೇ ಕಲಿಸು. ಆಮೇಲೆ ನಿನ್ನ ಮಾರ್ಕ್ಸ್ ಕಾರ್ಡ್ ತಗೊಂಡು ಹೋಗು."

ಶುಕ್ರವಾರ ಟೆಂಪೋದಲ್ಲಿ ಮೇಳ ಬಂದಿಳಿಯಿತು. ಸೋದರಮಾವ ಪಾಲಣ್ಣ ಮೇಳದಲ್ಲಿ ಯಾವಾಗಲೂ ರಾಜ. ಪ್ರಿನ್ಸಿಪಾಲ್ ಕಸ್ತೂರಮ್ಮ ತಾವೇ ಮಂಚದ ಮೇಲೆ ಉರುಳಿ ಹೇಗೆ ನರಳಬೇಕೆಂದು ತೋರಿಸಿಕೊಟ್ಟರು. ಗಂಗೋತ್ರಿ ಗೋಡೆ ನೋಡುತ್ತ ನಿಂತಳು. ಈ ಹೆಂಗಸು ರೋಗಿಯ ಪಕ್ಕ ಒಂದು ದಿನವೂ ಕೂತವಳಲ್ಲ. ಕೂತಿದ್ದರೆ ಗೊತ್ತಿರುತ್ತಿತ್ತು, ನಿಜವಾಗಿ ನೊಂದವರು ಸದ್ದು ಮಾಡುವುದು ಕಡಿಮೆ. ತನ್ನ ಅವ್ವನ ಕೊನೆಯ ವಾರದಲ್ಲಿ ಗಂಗೋತ್ರಿ ಕೇಳಿದ್ದು ಫ್ಯಾನಿನ ಸದ್ದು ಮಾತ್ರ.

ಕಸ್ತೂರಮ್ಮ ಹೋದ ಮೇಲೆ ಅವಳು, "ನರಳಬ್ಯಾಡ್ರಿ ಮಾವ. ಸುಮ್ನೆ ಸೂರು ನೋಡ್ಕೊಂಡು ಮಲಗ್ರಿ, ಸಾಕು" ಎಂದಳು.

"ಸುಮ್ನಿರಾದೇ ಕಷ್ಟ ಕಣವ್ವ," ಎಂದ ಪಾಲಣ್ಣ.

ಶನಿವಾರ ಸಾಹೇಬರು ಬಂದರು. ಹಿಂದೆ ಬಿಳಿ ಕೋಟುಗಳ ಸಾಲು. ವಾರ್ಡು ಮೌನವಾಗಿತ್ತು. ಎಷ್ಟು ಚೆನ್ನಾಗಿತ್ತೆಂದರೆ, ಗಂಗೋತ್ರಿಗೆ ಒಂದು ಕ್ಷಣ ಅದು ಆಸ್ಪತ್ರೆಯೆಂದೇ ಅನ್ನಿಸಿತು. ಅಷ್ಟರಲ್ಲಿ ಸಾಹೇಬರು ಪಾಲಣ್ಣನ ಮಂಚದ ಬಳಿ ನಿಂತು, "ಯಾರಪ್ಪ ನೀನು? ಯಾವೂರು?" ಎಂದು ಕೇಳಿಬಿಟ್ಟರು.

ದೊಡ್ಡಾಟದಲ್ಲಿ ರಾಜ ರಂಗಕ್ಕೆ ಬಂದಾಗ ಸಾರಥಿ ಕೇಳುವ ಮೊದಲ ಪ್ರಶ್ನೆಯೇ ಅದು. ಮೂವತ್ತು ವರ್ಷ ಆ ಪ್ರಶ್ನೆಗೆ ಒಂದೇ ಉತ್ತರ ಕೊಟ್ಟ ಗಂಟಲು ಸುಮ್ಮನಿದ್ದೀತೆ? ಪಾಲಣ್ಣ ಕಂಬಳಿ ಕೊಡವಿ ಮಂಚದ ಮೇಲೆ ಎದ್ದು ನಿಂತ.

"ಯಾರೆಂದು ಕೇಳುವೆಯಾ ಸಾರಥೀ? ಮೂರು ಲೋಕವ ನಡುಗಿಸಿದ ಕಿಡ್ನಿಯ ಕಲ್ಲಿಗೆ ಒಡೆಯ ನಾನೇ ಅಲ್ಲವೇ!"

"ಅಹುದು ರಾಜಾ!" ಎಂದವು ಉಳಿದ ಮಂಚಗಳು, ಜ್ವರ, ಕಾಮಾಲೆ, ಮುರಿದ ಕಾಲು ಎಲ್ಲ ಒಂದೇ ದನಿಯಲ್ಲಿ.

ಸಾಹೇಬರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅವರಿಗೆ ಮೆಟ್ಟಿಲು ಹತ್ತುವ ಮೊದಲೇ ಎಲ್ಲ ಗೊತ್ತಿತ್ತು. "ಲವಲವಿಕೆಯ ಪೇಷಂಟುಗಳು ಕಣ್ರೀ," ಎಂದು ವಿರೂಪಾಕ್ಷಪ್ಪನವರ ಭುಜ ತಟ್ಟಿದರು. "ಊಟ ಮುಗಿಸಿ ಬರ್ತೀವಿ. ಮಂಚ ಮಂಚದ ಫೋಟೊ ತೆಗೀಬೇಕು, ಯಾರೂ ಅಲ್ಲಾಡಬಾರದು."

ಗಂಗೋತ್ರಿ ಆಫೀಸಿಗೆ ಹೋಗಿ ಕಾರ್ಡು ಕೇಳಿದಳು.

"ಇಂಥ ಕೈನ ಬಿಡಾಕೆ ಆಗ್ತೈತೇನವ್ವ?" ವಿರೂಪಾಕ್ಷಪ್ಪ ಅಡಿಕೆ ಅಗಿಯುತ್ತಿದ್ದರು. "ಮುಂದಿನ ತಿಂಗ್ಳು ನಮ್ಮ ಫಿಸಿಯೋಥೆರಪಿ ಕಾಲೇಜಿಗೂ ಇನ್ಸ್‌ಪೆಕ್ಷನ್ ಐತೆ. ಹಾಡಾದು ಎಲ್ಲಿಗೂ ಓಡಿ ಹೋಗಲ್ಲ."

ಈ ಮನುಷ್ಯನ ಮೇಲೆ ಸಿಟ್ಟು ಮಾಡಿಕೊಳ್ಳುವುದೂ ಅವನಿಗೆ ಮರ್ಯಾದೆ ಕೊಟ್ಟಂತೆ ಎಂದು ಅವಳಿಗೆ ಅನ್ನಿಸಿತು. ವಾರ್ಡಿಗೆ ಬಂದು, "ಮಾವ, ಏಳ್ರಿ. ಊರಿಗೆ ಹೋಗಾನ" ಎಂದಳು. ಇಡೀ ವಾರ್ಡು ಎದ್ದು ಚಪ್ಪಲಿ ಮೆಟ್ಟಿಕೊಂಡಿತು.

ಕಸ್ತೂರಮ್ಮ ಕಿರುಚಿದ ಸದ್ದಿಗೆ ವಿರೂಪಾಕ್ಷಪ್ಪ ಏದುಸಿರು ಬಿಡುತ್ತ ಓಡಿ ಬಂದು, "ಏನೇ ಇದು? ಡಿಬಾರ್ ಮಾಡಿಸ್ತೀನಿ!" ಎಂದರು. ಗಂಗೋತ್ರಿ ಸುಮ್ಮನಿದ್ದಳು. "ನಾನೇನು ಕೊಡಲ್ಲ ಅಂದ್ನಾ?" ಅವಳು ಸುಮ್ಮನಿದ್ದಳು. "ನನ್ನ ಮಗಳಿದ್ದಂಗೆ ನೀನು." ಆಗಲೂ ಸುಮ್ಮನಿದ್ದಳು. ಕೆಳಗಿನಿಂದ ಸಾಹೇಬರು ಕೈ ತೊಳೆಯುವ ಸದ್ದು ಕೇಳಿಸಿತು. ವಿರೂಪಾಕ್ಷಪ್ಪ ಸೊಂಟದ ಬೀಗದ ಕೈ ಕಿತ್ತು ಕಸ್ತೂರಮ್ಮನ ಕೈಗೆ ತುರುಕಿದರು.

ಅಂಕಪಟ್ಟಿಗಳು ಬಂದವು. ಅವಳು ಹೆಸರು ನೋಡಿ ಬ್ಯಾಗಿಗೆ ಹಾಕಿಕೊಂಡಳು.

"ಈಗಾದ್ರೂ ಮಲಗಾಕೆ ಹೇಳವ್ವ," ವಿರೂಪಾಕ್ಷಪ್ಪನವರ ದನಿ ನಿಜಕ್ಕೂ ರೋಗಿಯದಾಗಿತ್ತು.

ಪಾಲಣ್ಣ ಸೊಸೆಯ ಮುಖ ನೋಡಿ, ವಿರೂಪಾಕ್ಷಪ್ಪನವರತ್ತ ತಿರುಗಿದ. "ನಮಗೆ ಊಟ ಏನೈತೆ?"

"ಚಿತ್ರಾನ್ನ."

"ಸಾಹೇಬ್ರಿಗೆ?"

"ಹೋಳಿಗೆ."

"ಹಂಗಾದ್ರೆ ಅವ್ರೇ ಮಲಗ್ಲಿ," ಎಂದು ಪಾಲಣ್ಣ ಮೆಟ್ಟಿಲಿಳಿದ.